ಉಂಗುರ ತಪ್ಪಿದ ಚುಕ್ಕಿಗಳು

ಮರಿತಾಯಮ್ಮನಿಗೆ ಈ ದೇಶದಲ್ಲಿ ಹೆದರಿಕೆಯಿದ್ದದ್ದು ಗಾಳಿಯೊಂದರದ್ದೇ. ಫ್ರೀವೇ ಮೇಲೆ ಹುಚ್ಚೆದ್ದು ಓಡುವ ಕಾರುಗಳಿಗೆ ಅವಳು ಹೆದರಲಿಲ್ಲ. ಗೊತ್ತಿಲ್ಲದ ಭಾಷೆಗೂ ಹೆದರಲಿಲ್ಲ. ಇಲ್ಲಿ ಆಗಾಗ ಭೂಮಿ ನಡುಗುತ್ತದೆ ಎಂದು ಅಳಿಯ ಹೇಳಿದಾಗಲೂ, “ಭೂಮ್ತಾಯಿಗೂ ಮಗ್ಗುಲು ನೋಯಾಕಿಲ್ವಾ, ಹೊಳ್ಳಾಡ್ತಾಳೆ” ಎಂದು ಸುಮ್ಮನಾಗಿದ್ದಳು. ಆದರೆ ಮಗಳು ನಿಸರ್ಗಾ ಹಸಿ ಬಾಣಂತಿ. ಹಸಿ ಬಾಣಂತಿಗೆ ಗಾಳಿ ಸೋಕಬಾರದು.

ಇದು ಯಾರೋ ಹೇಳಿ ಕೇಳಿದ ಮಾತಾಗಿದ್ದರೆ ಅವಳು ಅಷ್ಟು ಹಿಡಿದುಕೊಳ್ಳುತ್ತಿರಲಿಲ್ಲ. ಮದ್ದೂರಿನ ಆಚೆಯ ಅವಳ ತವರಿನಲ್ಲಿ, ಅವಳ ಬೆನ್ನಿಗೆ ಬಿದ್ದ ತಂಗಿ ಹೆರಿಗೆಯಾದ ವಾರದೊಳಗೆ ಸನ್ನಿ ಹಿಡಿದು ಹೋಗಿಬಿಟ್ಟಿದ್ದಳು. ಮೈಯೆಲ್ಲ ಕಾದು, ಹೆತ್ತ ಕೂಸಿನ ಗುರುತೂ ಸಿಗದೆ, ಗೋಡೆಯ ಕಡೆ ತಿರುಗಿ ಯಾರೊಡನೆಯೋ ಮಾತಾಡುತ್ತಾ ಹೋದಳು. ಗಾಳಿ ಹೊಕ್ಕಿತು ಎಂದರು ಹಿರಿಯರು. ಡಾಕ್ಟರನ್ನು ಕೇಳಿದ್ದರೆ ಬೇರೇನೋ ಹೇಳುತ್ತಿದ್ದರು. ಕೇಳುವವರಿರಲಿಲ್ಲ, ಡಾಕ್ಟರೂ ಇರಲಿಲ್ಲ. ಅಂದಿನಿಂದ ಮರಿತಾಯಮ್ಮ ಎಷ್ಟೋ ಮನೆಗಳಲ್ಲಿ ಬಾಣಂತನ ಮಾಡಿದಳು, ಎಲ್ಲೂ ಕಿಟಕಿಯ ಬಾಗಿಲನ್ನು ಒಂದು ಬೆರಳಿನಷ್ಟೂ ತೆರೆಯಗೊಡಲಿಲ್ಲ.

ಕ್ಯುಪರ್ಟಿನೋದ ಈ ಅಪಾರ್ಟ್‌ಮೆಂಟಿಗೆ ಬಂದವಳು ಮೊದಲು ನೋಡಿದ್ದೂ ಕಿಟಕಿಯನ್ನೇ. ಅಳಿಯ ಸುಧನ್ವನಿಗೆ ಹೇಳಿ ಅದರ ನಾಲ್ಕೂ ಅಂಚಿಗೆ ಅಗಲವಾದ ನೀಲಿ ಟೇಪು ಹಾಕಿಸಿದಳು. ದಿನಾ ಎಣ್ಣೆನೀರಾದ ಮೇಲೆ ತಾಯಿಗೂ ಕೂಸಿಗೂ ಸಾಂಬ್ರಾಣಿ ಹೊಗೆ. ಊರಿನಂತೆ ತೆಂಗಿನ ಕರಟದ ಕೆಂಡ ಇಲ್ಲಿ ಎಲ್ಲಿ ಬರಬೇಕು? ಮಾಂಸ ಸುಡುವುದಕ್ಕೆಂದು ಗ್ರೋಸರಿಯಲ್ಲಿ ಮಾರುವ ಇದ್ದಿಲಿನ ಚೀಲವನ್ನೇ ಸುಧನ್ವ ತಂದುಕೊಟ್ಟ. ಬಾಲ್ಕನಿಯಲ್ಲಿ ಹೊತ್ತಿಸಿ, ಕಬ್ಬಿಣದ ಬಾಣಲೆಯಲ್ಲಿ ಕೆಂಡ ತಂದು, ಮೇಲೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದ ಮೊದಲ ದಿನವೇ ಚಾವಣಿಗೆ ಅಂಟಿಕೊಂಡಿದ್ದ ಬಿಳಿಯ ಬಿಲ್ಲೆಯೊಂದು ಕಿರುಚಿಕೊಂಡಿತು. ಕೂಸು ಬೆಚ್ಚಿಬಿತ್ತು. ಸುಧನ್ವ ಕುರ್ಚಿ ಹತ್ತಿದ.

“ಹೊಗೆ ಬಂದ್ರೆ ಕೂಗುತ್ತೆ ಅತ್ತೆ ಇದು. ಮನೆಗೆ ಬೆಂಕಿ ಬಿತ್ತು ಅಂದ್ಕೊಳ್ಳುತ್ತೆ.”

“ಬೆಂಕಿ ಯಾವ್ದು ಧೂಪ ಯಾವ್ದು ತಿಳಿಯಾಕಿಲ್ವಾ ಇದ್ಕೆ? ಎಂಥಾ ದಡ್‌ಮುಂಡೇದ ತಂದು ತಲೆ ಮ್ಯಾಲೆ ಕೂರಿಸ್ಕಂಡಿದ್ದೀರಪ್ಪ.”

ಸುಧನ್ವ ನಕ್ಕ. “ಬಾಣಂತನ ಮುಗಿಯೋ ತನಕ ಕಾರಿನ ಡಿಕ್ಕೀಲಿ ಮಲಗಿರ್ಲಿ ಬಿಡಿ” ಎಂದು ಅದನ್ನು ತಿರುಗಿಸಿ ಬಿಚ್ಚಿ ಕೆಳಗೆ ಕೊಂಡೊಯ್ದ.

ಆ ಬಿಲ್ಲೆ ಹೊಗೆಯನ್ನಷ್ಟೇ ಅಲ್ಲ, ಕಣ್ಣಿಗೆ ಕಾಣದ ಇನ್ನೊಂದು ಅಪಾಯವನ್ನೂ ಕಾಯುತ್ತಿತ್ತು. ಹಾಗೆಂದು ಅದರ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಪಾಲೋ ಆಲ್ಟೋದ ಆಫೀಸಿನಲ್ಲಿ ದಿನವಿಡೀ ಸಣ್ಣ ಅಕ್ಷರ ಓದುವ ಸುಧನ್ವ ಇದನ್ನು ಓದಲಿಲ್ಲ. ಅವನೊಬ್ಬನನ್ನೇ ದೂರಿ ಫಲವಿಲ್ಲ. ಈ ಕಡೆಯ ನಮ್ಮವರ ಮನೆಗಳಲ್ಲಿ ಸತ್ಯನಾರಾಯಣ ಪೂಜೆಯ ದಿನ ಆ ಬಿಲ್ಲೆಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುವುದು ಬಾಗಿಲಿಗೆ ಮಾವಿನೆಲೆ ಕಟ್ಟಿದಷ್ಟೇ ಸಹಜವಾಗಿಬಿಟ್ಟಿದೆ. ಕಾವಲುಗಾರನ ಬಾಯಿ ಕಟ್ಟಿ ದೇವರನ್ನು ಕರೆಯುತ್ತೇವೆ. ದೇವರು ದೊಡ್ಡವನು, ಬಹಳ ಸಲ ಸುಮ್ಮನಿದ್ದುಬಿಡುತ್ತಾನೆ.

ಆ ದಿನ ಬೆಳಗಿನಿಂದ ಮಳೆ. ಸುಧನ್ವ ಆಫೀಸಿಗೆ ಹೋಗಿದ್ದ. ಎಂಟನೇ ಕ್ಲಾಸಿನ ಮೊಮ್ಮಗಳು ಇಂಚರಾಳಿಗೆ, ಟೀಚರುಗಳ ಮೀಟಿಂಗೆಂದು ರಜೆ. ಹೀಟರು ಹಾಕಿದರೆ ಕೂಸಿನ ಗಂಟಲು ಒಣಗಿ ಕೆಮ್ಮು ಬರುತ್ತಿತ್ತು, ಆರಿಸಿದರೆ ನಿಸರ್ಗಾಳಿಗೆ ನಡುಕ.

“ಅವ್ವ, ಇವತ್ತು ಕೆಂಡ ಇಲ್ಲೇ ಇರ್ಲಿ. ಕಾಲೆಲ್ಲ ಮರಗಟ್ಟೋಗಿದೆ” ಎಂದಳು ನಿಸರ್ಗಾ.

ಬೇರೆ ದಿನ ಹೊಗೆ ಹಾಕಿದ ಕೂಡಲೇ ಬಾಣಲೆ ಬಾಲ್ಕನಿಗೆ ಹೋಗುತ್ತಿತ್ತು. ಈ ದಿನ ಮರಿತಾಯಮ್ಮ ಇನ್ನಷ್ಟು ಇದ್ದಿಲು ತುಂಬಿ ಅದನ್ನು ಮಂಚದ ಕಾಲ ಬಳಿ, ಕಾರ್ಪೆಟು ಸುಡದಂತೆ ಹಾಕಿದ್ದ ಕಲ್ಲಿನ ಮೇಲೆ ಇಟ್ಟಳು. ಬಾಗಿಲಿನ ಕೆಳಗಿಂದ ಗಾಳಿ ನುಸುಳದಂತೆ ಟವೆಲೊಂದನ್ನು ಮಡಿಸಿ ಒತ್ತರಿಸಿದಳು. ಊರಲ್ಲಾದರೆ ಹೆಂಚಿನ ಸಂದಿನಲ್ಲಿ ಹೊಗೆಯೂ ಹೋಗುತ್ತಿತ್ತು, ಬಿಸಿಲೂ ಬರುತ್ತಿತ್ತು. ಈ ಮನೆ ಮುಚ್ಚಳ ತಿರುಗಿಸಿದ ಡಬ್ಬಿಯ ಹಾಗೆ. ಆ ವ್ಯತ್ಯಾಸ ಅವಳ ಮನಸ್ಸಿಗೆ ಬರಲಿಲ್ಲ. ಕೋಣೆ ಬೆಚ್ಚಗಾಯಿತು, ಮಗಳ ಮುಖದಲ್ಲಿ ರಕ್ತವಾಡಿತು, ಅವಳಿಗೆ ಅಷ್ಟು ಸಾಕಾಗಿತ್ತು.

ಬೆಚ್ಚಗಿದೆಯೆಂದು ಇಂಚರಾಳೂ ತನ್ನ ದೊಡ್ಡ ಹಾಳೆ, ಕೈವಾರ, ಬಣ್ಣದ ಪೆನ್ನುಗಳನ್ನು ತಂದು ನೆಲದ ಮೇಲೆ ಹರಡಿಕೊಂಡಳು. ಸ್ಕೂಲಿಗೆ ಅಣುಗಳ ಚಿತ್ರ ಬರೆದುಕೊಂಡು ಹೋಗಬೇಕಿತ್ತು. ನಡುವೆ ಒಂದು ಗುಂಡು, ಅದರ ಸುತ್ತ ಉಂಗುರಗಳು, ಉಂಗುರದ ಮೇಲೆ ಚುಕ್ಕಿಗಳು. ಹುಡುಗಿಯ ಕೈ ಎಷ್ಟು ಒಪ್ಪವೆಂದರೆ ಎಲ್ಲ ಚುಕ್ಕಿಗಳೂ ಒಂದೇ ಗಾತ್ರ, ಒಂದೂ ಉಂಗುರದಿಂದ ಅತ್ತಿತ್ತ ಸರಿಯದು. ಹುಟ್ಟಿದಂದಿನಿಂದ ಹೊಸ್ತಿಲ ಮುಂದೆ ಚುಕ್ಕಿ ಇಟ್ಟುಕೊಂಡೇ ಬೆಳೆದ ಮರಿತಾಯಮ್ಮನಿಗೆ ಅದನ್ನು ನೋಡಿ ಹಿಗ್ಗು.

“ಚುಕ್ಕಿ ಮಡಗಿದ್ದೀಯ, ಎಳೆ ಎಳ್ದೇ ಇಲ್ವಲ್ಲೇ ಮಗ?”

“ಅಯ್ಯೋ ಅಜ್ಜಿ, ರಂಗೋಲಿ ಅಲ್ಲ. ಆಟಮ್ಮು. ಚುಕ್ಕಿ ಎಲ್ಲ ಎಲೆಕ್ಟ್ರಾನು. ಇದು ಕಾರ್ಬನ್ನು.”

“ಅಂದ್ರೆ?”

“ಅಂದ್ರೆ... ಪೆನ್ಸಿಲಲ್ಲಿ ಇರುತ್ತಲ್ಲ, ಅದು. ನಿಮ್ಮ ಚಾರ್‌ಕೋಲಲ್ಲೂ ಇದೆ. ನಮ್ಮೊಳಗೂ ಇದೆ.”

“ನನ್ನೊಳ್ಗೂ ಇದ್ದಿಲು ಐತಾ? ಅದ್ಕೇ ಯೋಳು, ನಿಮ್ಮಮ್ಮ ಮಾತಾಡ್ಸಿದ್ರೆ ನಂಗೆ ಉರ್ಕಂಡ್ ಬರೋದು.”

ಮಂಚದ ಮೇಲಿಂದ ನಿಸರ್ಗಾ, “ಅವ್ವಾ!” ಎಂದಳು. ಇಂಚರಾ ಕಿಸಕ್ಕನೆ ನಕ್ಕು ಪೆನ್ನಿನ ತುದಿಯಿಂದ ತೋರಿಸಿದಳು. “ನೋಡಿ, ಒಳಗಿನ ರಿಂಗಲ್ಲಿ ಇಬ್ಬರೇ ಕೂರಬೋದು. ಹೊರಗಿನ ರಿಂಗಲ್ಲಿ ಎಂಟು. ಕಾರ್ಬನ್‌ಗೆ ಹೊರಗೆ ನಾಲ್ಕೇ ಇದೆ. ಇನ್ನೂ ನಾಲ್ಕು ಬೇಕು.”

“ಪಂಕ್ತೀಲಿ ನಾಕು ಎಲೆ ಖಾಲಿ ಬಿದ್ದವೆ ಅನ್ನು.”

“ಹೂಂ, ಹಂಗೇ! ಆಕ್ಸಿಜನ್‌ಗೆ ಆರಿದೆ, ಎರಡು ಬೇಕು. ಅದಕ್ಕೇ ಕಾರ್ಬನ್ ಆ ಕಡೆ ಒಂದು, ಈ ಕಡೆ ಒಂದು ಆಕ್ಸಿಜನ್ ಕರ್ಕೊಂಡು ಶೇರ್ ಮಾಡುತ್ತೆ. ಆವಾಗ ಎಲ್ಲರಿಗೂ ಎಂಟಾಗುತ್ತೆ. ಎಲ್ಲಾ ಹ್ಯಾಪಿ. ಇದು ನಾವು ಉಸಿರು ಬಿಡೋದು.”

“ಈ ಕೊನೇದು ಯಾಕೆ ಅಳಿಸಿದ್ದೀಯ?”

“ಇದು ಬರ್ತಿಲ್ಲ ಅಜ್ಜಿ, ಕಷ್ಟ. ಇದಕ್ಕೆ ಒಂದೇ ಆಕ್ಸಿಜನ್ ಸಿಕ್ಕಿರೋದು. ಗಾಳಿ ಸಾಕಾಗದೆ ಏನಾದ್ರೂ ಉರಿದ್ರೆ ಹೀಗಾಗುತ್ತೆ. ಗರಾಜಲ್ಲಿ ಕಾರ್ ಆನ್ ಮಾಡಿ ಬಿಟ್ರೆ, ಆ ಥರ. ಇದು ಪಾಯ್ಸನ್ನು.”

“ವಿಷ? ಹೊಗೆ ಹಂಗೆ ಕಾಣ್ತದಾ?”

“ಇಲ್ಲ. ಕಲರೂ ಇಲ್ಲ, ವಾಸನೆನೂ ಇಲ್ಲ. ಬ್ಲಡ್ಡಲ್ಲಿ ಆಕ್ಸಿಜನ್ ಕೂರೋ ಸೀಟಲ್ಲಿ ಬಂದು ಕೂತ್ಬಿಡುತ್ತೆ. ಆಮೇಲೆ ಏಳೋದೇ ಇಲ್ಲ.”

“ಅಂಥದ್ನೆಲ್ಲ ಯಾಕವ್ವ ಮಕ್ಕಳಿಗೆ ಯೋಳ್ಕೊಡ್ತಾರೆ” ಎಂದು ಗೊಣಗುತ್ತಾ ಮರಿತಾಯಮ್ಮ ಎದ್ದು, ಬಾಣಂತಿಗೆ ಮೆಣಸಿನ ಸಾರು ಮಾಡಲು ಹೋದಳು. ಹೊರಗಿನಿಂದ ಬಾಗಿಲೆಳೆದುಕೊಂಡಾಗ ಒಳಗಿನಿಂದ ಇಂಚರಾ ಟವೆಲನ್ನು ಕಾಲಲ್ಲಿ ಮತ್ತೆ ಸಂದಿಗೆ ತಳ್ಳಿದಳು. ಬೇಕಾದ ಮಾತೆಲ್ಲ ಆಗಲೇ ಆ ಕೋಣೆಯಲ್ಲಿ ಆಡಿಯಾಗಿತ್ತು. ಇದ್ದಿಲೆಂದರೇನು, ಗಾಳಿ ಸಾಲದಿದ್ದರೇನು, ಎಲ್ಲವೂ. ಆದರೆ ಹೇಳಿದವಳಿಗೂ ಕೇಳಿದವಳಿಗೂ ಅದು ಸ್ಕೂಲಿನ ಮಾತಾಗಿತ್ತು, ಕಾಲ ಬುಡದ ಬಾಣಲೆಯ ಮಾತಾಗಿರಲಿಲ್ಲ.

ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಇಂಚರಾ ಬಾಗಿಲಲ್ಲಿ ಕಾಣಿಸಿಕೊಂಡಳು. ಒಂದು ಕೈ ಗೋಡೆಯ ಮೇಲಿತ್ತು.

“ಅಜ್ಜಿ, ತಲೆ ನೋಯ್ತಿದೆ.”

“ಹೊತ್ತಾರೆಯಿಂದ ಚುಕ್ಕಿ ದಿಟ್ಟಿಸಿದ್ರೆ ಇನ್ನೇನಾದಾತು? ಹೋಗು, ಅಮ್ಮನ ಪಕ್ಕ ಒಸಿ ಉರುಳ್ಕ.”

ಹುಡುಗಿ ಹಿಂದಿರುಗಿದಳು. ಹೊಟ್ಟೆ ತೊಳೆಸುತ್ತಿದೆ ಎಂದೂ ಏನೋ ಇಂಗ್ಲಿಷಿನಲ್ಲಿ ಅಂದಳು, ಒಗ್ಗರಣೆಯ ಸದ್ದಿನಲ್ಲಿ ಅದು ಕೇಳಲಿಲ್ಲ. ಅನ್ನ ಬೇಯಲಿಟ್ಟು, ದೇವರ ಪಟದ ಮುಂದೆ ಮಾದಪ್ಪನನ್ನು ನೆನೆದು, ಮರಿತಾಯಮ್ಮ ಸಾರಿನ ಬಟ್ಟಲು ಹಿಡಿದು ಕೋಣೆಗೆ ಹೋದಳು. ಬಾಗಿಲನ್ನು ಹೆಗಲಿನಿಂದ ದೂಡಬೇಕಾಯಿತು, ಟವೆಲು ಅಡ್ಡಬಂದಿತ್ತು.

ಒಳಗೆ ಎಲ್ಲ ಶಾಂತವಾಗಿತ್ತು. ಕೆಂಡ ಬೂದಿ ಮುಚ್ಚಿಕೊಂಡು ಒಳಗೊಳಗೇ ಹೊಳೆಯುತ್ತಿತ್ತು. ಹೊಗೆಯ ಎಳೆಯೂ ಇರಲಿಲ್ಲ. ಮಂಚದ ಮೇಲೆ ನಿಸರ್ಗಾ, ಅವಳ ಮಗ್ಗುಲಲ್ಲಿ ಕೂಸು, ಇಬ್ಬರೂ ನಿದ್ದೆಯಲ್ಲಿದ್ದರು. ಇಂಚರಾ ಮಂಚ ಹತ್ತಿರಲಿಲ್ಲ, ಹಾಳೆಯ ಪಕ್ಕದಲ್ಲೇ ನೆಲಕ್ಕೆ ಒರಗಿದ್ದಳು, ಪೆನ್ನು ಬೆರಳಲ್ಲೇ ಇತ್ತು.

ಮರಿತಾಯಮ್ಮನ ಕಣ್ಣು ಹಾಳೆಯ ಮೇಲೆ ಹೋಗಿ ಅಲ್ಲೇ ನಿಂತಿತು.

ಕೊನೆಯ ಚಿತ್ರದಲ್ಲಿ ಉಂಗುರಗಳು ಸರಿಯಾಗಿದ್ದವು. ಚುಕ್ಕಿಗಳು ಉಂಗುರದ ಮೇಲಿರಲಿಲ್ಲ. ಕೆಲವು ಒಳಗೆ, ಕೆಲವು ಹೊರಗೆ, ಒಂದರ ಮೇಲೊಂದು ಬಿದ್ದು ಬಾಲ ಎಳೆದುಕೊಂಡಿದ್ದವು. ಅಲ್ಲಿಂದ ಹಾಳೆಯ ಅಂಚು ದಾಟಿ ಕಾರ್ಪೆಟಿನ ಮೇಲೂ ನಡೆದಿದ್ದವು, ದಾರಿ ತಪ್ಪಿದ ಇರುವೆ ಸಾಲಿನ ಹಾಗೆ. ಈ ಹುಡುಗಿ ಚುಕ್ಕಿ ತಪ್ಪುವವಳಲ್ಲ. ಜ್ವರ ಬಂದಾಗಲೂ ತಪ್ಪುವವಳಲ್ಲ.

“ಇಂಚರಾ. ಏ ಮಗ.”

ಭುಜ ಅಲುಗಿಸಿದಳು. ಹುಡುಗಿಯ ತಲೆ ಅಲುಗಿದ ಕಡೆಗೇ ವಾಲಿತು. ನಿಸರ್ಗಾಳನ್ನು ಕೂಗಿದಳು. ಅವಳು ಕಣ್ಣು ಅರೆ ತೆರೆದು, “ತಲೆ ಸಿಡೀತಿದೆ ಅವ್ವ... ಮಲಗ್ತೀನಿ” ಎಂದು ತಿರುಗಿಕೊಂಡಳು. ಕೂಸಿನ ಅಂಗಾಲಿಗೆ ಬೆರಳಿನಿಂದ ತಟ್ಟಿದಳು. ಬೇರೆ ಹೊತ್ತಿನಲ್ಲಾದರೆ ಕಾಲು ಸರಕ್ಕನೆ ಎಳೆದುಕೊಳ್ಳುತ್ತಿತ್ತು. ಈಗ ಎಳೆದುಕೊಳ್ಳಲಿಲ್ಲ.

ಕಣ್ಣು ಬಿದ್ದಿದೆ ಎಂದುಕೊಂಡಳು ಮರಿತಾಯಮ್ಮ. ನಿನ್ನೆ ಕೂಸು ನೋಡಲು ಬಂದವರು, ಎಷ್ಟು ಮುದ್ದಾಗಿದೆ ಎಂದು ಹೊಗಳಿ ಹೊಗಳಿ ಹೋಗಿದ್ದರು. ಅಡುಗೆಮನೆಗೆ ಓಡಿ ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಬಂದಳು. ಮೂವರಿಗೂ ನಿವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಏಳುವುದಿಲ್ಲ. ಅವಳಿಗೆ ಗೊತ್ತಿದ್ದ ಲೆಕ್ಕ ಅದು.

ಘಾಟು ಎದ್ದಿತು. ಎದೆ ಬಿರಿಯುವ ಹಾಗೆ ಎದ್ದಿತು. ಮರಿತಾಯಮ್ಮ ಕೆಮ್ಮಿ ಕೆಮ್ಮಿ ಕಣ್ಣು ಮೂಗಿನಲ್ಲಿ ನೀರು ಸುರಿಸಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಂಚದ ಕಡೆ ನೋಡಿದಳು.

ಅಲ್ಲಿ ಯಾರೂ ಕೆಮ್ಮಲಿಲ್ಲ.

ಘಾಟು ಎದ್ದಿದೆ, ಹಾಗಾದರೆ ಇದು ದೃಷ್ಟಿಯಲ್ಲ. ದೃಷ್ಟಿಯಲ್ಲವೆಂದರೆ ಅವಳ ಕೈಯಲ್ಲಿ ಬೇರೆ ಮದ್ದಿರಲಿಲ್ಲ. ಇಂಚರಾಳ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಅವಳ ತಲೆಯೂ ಈಗ ಧಿಮಿಧಿಮಿ ಎನ್ನುತ್ತಿತ್ತು. ಕುಳಿತಲ್ಲಿ ಮುಖದೆದುರಿಗೇ ಆ ಹಾಳೆ. ಒಂದು ಕಾರ್ಬನ್ನು, ಅದರ ಪಕ್ಕದಲ್ಲಿ ಒಂದೇ ಒಂದು ಆಕ್ಸಿಜನ್ನು.

ಗಾಳಿ ಸಾಕಾಗದೆ ಏನಾದ್ರೂ ಉರಿದ್ರೆ.

ಬಾಣಲೆಯನ್ನು ನೋಡಿದಳು. ಕಿಟಕಿಯ ನೀಲಿ ಟೇಪನ್ನು ನೋಡಿದಳು. ಬಾಗಿಲ ಬಳಿ ಮುದುಡಿ ಬಿದ್ದಿದ್ದ ಟವೆಲನ್ನು ನೋಡಿದಳು. ಮೂರನ್ನೂ ಜೋಡಿಸಿದವಳು ಅವಳೇ. ವಾಸನೆ ಇಲ್ಲದ್ದು, ಬಣ್ಣ ಇಲ್ಲದ್ದು, ಆ ಮೂವರ ರಕ್ತದಲ್ಲಿ ಹೋಗಿ ಕೂತಿತ್ತು, ಇನ್ನೂ ಕೂರುತ್ತಿತ್ತು.

ಕಿಟಕಿಯ ಬಳಿ ಹೋದಳು. ಹೋಗಿ ನಿಂತುಬಿಟ್ಟಳು. ಗಾಜಿನ ಆಚೆ ಮಳೆಗಾಳಿ ಮರವನ್ನು ಹಿಡಿದು ಜಗ್ಗುತ್ತಿತ್ತು. ಗೋಡೆಯ ಕಡೆ ತಿರುಗಿಕೊಂಡು ಮಾತಾಡುತ್ತಿದ್ದ ತಂಗಿಯ ಮುಖ ಕಣ್ಣಿಗೆ ಬಂತು. ತೆರೆದರೆ ಗಾಳಿ, ತೆರೆಯದಿದ್ದರೆ ಇದು. ಹಿಂದಿನ ಸಾವನ್ನು ಅವಳು ಕಣ್ಣಾರೆ ಕಂಡಿದ್ದಳು, ಮುಂದಿನದನ್ನು ಮೊಮ್ಮಗಳ ಬಾಯಲ್ಲಿ ಕೇಳಿದ್ದಳಷ್ಟೇ. ಕಂಡದ್ದನ್ನು ಬಿಟ್ಟು ಕೇಳಿದ್ದನ್ನು ನಂಬುವುದು ಸುಲಭವಲ್ಲ. ಕೈ ಮೇಲೇಳಲಿಲ್ಲ.

ಆಗ ಹಿಂದೆ ಇಂಚರಾಳ ಗಂಟಲಲ್ಲಿ ಗೊರಕೆಯಂಥದೊಂದು ಸದ್ದಾಯಿತು.

“ಮಾದಪ್ಪಾ, ಕಾಯಪ್ಪಾ, ತಪ್ಪಾದ್ರೆ ನನ್ನ ತಕ್ಕೋ” ಎನ್ನುತ್ತಾ ಮರಿತಾಯಮ್ಮ ಟೇಪಿಗೆ ಉಗುರು ಹಾಕಿದಳು. ಅದು ಸುಲಭಕ್ಕೆ ಬರಲಿಲ್ಲ. ಅಳಿಯ ಅಷ್ಟು ನಿಷ್ಠೆಯಿಂದ ಅಂಟಿಸಿದ್ದ. ಹಲ್ಲಿನಿಂದ ಕಚ್ಚಿ ಎಳೆದಳು. ಚಿಲಕ ತಿರುಗಿಸಿ, ಗಾಜನ್ನು ಎರಡೂ ಕೈಯಿಂದ ಪಕ್ಕಕ್ಕೆ ನೂಕಿದಳು. ಮಳೆಯ ಸಮೇತ ಗಾಳಿ ನುಗ್ಗಿ ಬಂದು ಬಾಣಂತಿಯ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಹಾರಿಸಿತು. ಅದನ್ನು ನೋಡಲಾರದೆ ಮುಖ ತಿರುಗಿಸಿ, ಕೂಸನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಹೊರಬಾಗಿಲಿಗೆ ಓಡಿದಳು.

ಎದುರು ಮನೆಯಲ್ಲಿ ಒಬ್ಬ ಚೀನೀ ಮುದುಕಿಯಿದ್ದಳು. ಅವಳಿಗೂ ಇಂಗ್ಲಿಷು ಬಾರದು. ಇಬ್ಬರೂ ಮೊಗಸಾಲೆಯಲ್ಲಿ ಎದುರಾದಾಗ ನಕ್ಕು, ಮೊಮ್ಮಕ್ಕಳನ್ನು ಕೈಸನ್ನೆಯಲ್ಲಿ ತೋರಿಸಿ ಅಗಲುತ್ತಿದ್ದರು. ಮರಿತಾಯಮ್ಮ ಅವಳ ಬಾಗಿಲಿಗೆ ಕಾಲಿನಿಂದ ಒದ್ದಳು.

“ತಾಯೀ, ಬಾಗ್ಲು ತಗೀರವ್ವಾ! ಮಕ್ಕಳು ಹೊಂಟೋಯ್ತವೆ!”

ಬಾಗಿಲು ತೆರೆಯಿತು. ಮುದುಕಿ ಸೆರಗಿನೊಳಗಿನ ಕೂಸಿನ ಮುಖ ನೋಡಿದಳು, ತೆರೆದಿದ್ದ ಎದುರು ಬಾಗಿಲನ್ನು ನೋಡಿದಳು, ಮೆಣಸಿನ ಘಾಟಿಗೆ ಒಮ್ಮೆ ಸೀನಿದಳು. ಏನು ತಿಳಿಯಿತೋ, ಚಪ್ಪಲಿಯೂ ಮೆಟ್ಟದೆ ಹೋಗಿ ಮೊಗಸಾಲೆಯ ಗೋಡೆಯ ಮೇಲಿದ್ದ, ಬೆಂಕಿ ಬಿದ್ದಾಗ ಎಳೆಯುವ ಕೆಂಪು ಹಿಡಿಯನ್ನು ಜೋತುಬಿದ್ದು ಎಳೆದಳು. ಇಡೀ ಕಟ್ಟಡವೇ ಬೊಬ್ಬೆ ಹೊಡೆಯಿತು. ಆಮೇಲೆ ಕೂಸನ್ನು ಎದುರು ಮನೆಯೊಳಗೆ ಮಲಗಿಸಿ, ಇಬ್ಬರು ಮುದುಕಿಯರೂ ಕೋಣೆಗೆ ನುಗ್ಗಿ, ಉಸಿರು ಬಿಗಿಹಿಡಿದು, ಇಂಚರಾಳನ್ನು ಕಂಕುಳಿಗೆ ಕೈಹಾಕಿ ಎಳೆತಂದರು. ನಿಸರ್ಗಾಳನ್ನು ಎಳೆಯಲು ಬಲ ಸಾಲಲಿಲ್ಲ. ಮಂಚದಿಂದ ಇಳಿಸಿದಲ್ಲೇ ಅವಳು ನೆಲಕ್ಕೆ ಕುಸಿದಾಗ, ಭಾರದ ಬೂಟಿನ ಅಗ್ನಿಶಾಮಕದವರು ಮೆಟ್ಟಿಲು ಹತ್ತಿ ಬಂದರು. ಮುಂದಿದ್ದವನ ಕೈಯಲ್ಲಿದ್ದ, ವಿಷಗಾಳಿ ಅಳೆಯುವ ಸಣ್ಣ ಯಂತ್ರ, ಕಿಟಕಿ ತೆರೆದೇ ಇದ್ದರೂ, ಹೊಸ್ತಿಲಲ್ಲೇ ಕೂಗಲು ಶುರುಮಾಡಿತು.

ಆಸ್ಪತ್ರೆಗೆ ಸುಧನ್ವ ಬಂದಾಗ ಅವನ ಮುಖದಲ್ಲಿ ಬಣ್ಣವಿರಲಿಲ್ಲ. ಇಂಚರಾಳ ಮೂಗು ಬಾಯಿಗೆ ಮುಖವಾಡ ಹಾಕಿದ್ದರು. ಅವಳು ಕಣ್ಣು ಬಿಟ್ಟು, ಅಪ್ಪನನ್ನು ಗುರುತಿಸಿ, ಮತ್ತೆ ಮುಚ್ಚಿದ್ದಳು. ಪಕ್ಕದ ಮಂಚದಲ್ಲಿ ನಿಸರ್ಗಾ. ಅವಳಿಗೆ ಎಚ್ಚರವಿತ್ತು. ಎಚ್ಚರವಿದ್ದದ್ದರಿಂದಲೇ ನಡುಗುತ್ತಿದ್ದಳು. ಅವಳ ದೃಷ್ಟಿ ಕೋಣೆಯ ಆ ಮೂಲೆಯಲ್ಲಿತ್ತು. ಅಲ್ಲಿ ಗಾಜಿನಂಥ ಸಣ್ಣ ಗೂಡಿನೊಳಗೆ ಕೂಸಿನ ತಲೆಯಿತ್ತು, ಗೂಡಿಗೆ ನಳಿಕೆಯಲ್ಲಿ ಆಕ್ಸಿಜನ್ನು ಹೋಗುತ್ತಿತ್ತು. ಕೂಸು ಉಸಿರಾಡುತ್ತಿತ್ತು. ಅಳುತ್ತಿರಲಿಲ್ಲ, ಕೈಕಾಲೂ ಆಡಿಸುತ್ತಿರಲಿಲ್ಲ.

ಡಾಕ್ಟರು ಹೇಳಿದ್ದನ್ನು ಸುಧನ್ವ ಬಿಡಿಸಿ ಹೇಳಿದ. “ಬ್ಲಡ್ಡಲ್ಲಿ ಅದು ಕೂತಿದೆಯಂತೆ ಅತ್ತೆ. ಆಕ್ಸಿಜನ್ ಕೊಡ್ತಾ ಕೊಡ್ತಾ ಮೆಲ್ಲಗೆ ಎಬ್ಬಿಸ್ಬೇಕಂತೆ. ಅಮ್ಮ ಮಗಳು ಇಬ್ಬರಿಗೂ ಏನೂ ಆಗಲ್ಲ. ಪಾಪೂಗೆ... ಕಾದು ನೋಡ್ಬೇಕಂತೆ. ಎಚ್ಚರ ಆದಾಗ ಗೊತ್ತಾಗುತ್ತಂತೆ.”

ಮರಿತಾಯಮ್ಮ ಒದ್ದೆ ಸೀರೆಯಲ್ಲೇ ಗೂಡಿನ ಪಕ್ಕ ನಿಂತಿದ್ದಳು. ಅವಳಿಗೂ ಹಾಕಿದ್ದ ಮುಖವಾಡವನ್ನು ಗದ್ದಕ್ಕೆ ಇಳಿಸಿಕೊಂಡಿದ್ದಳು.

“ಫೈರಿನವರು ಕೇಳಿದ್ರು, ಅಲಾರಂ ಎಲ್ಲಿ ಅಂತ” ಎಂದ ಸುಧನ್ವ. “ನನ್ನ ಕಾರಲ್ಲಿದೆ ಅಂದೆ. ಅವರೇನೂ ಅನ್ನಲಿಲ್ಲ ಅತ್ತೆ. ಬೈದಿದ್ರೂ ಆಗ್ತಿತ್ತು.”

“ಬುಡಿ ಈಗ. ಕೆಂಡ ಮಡಗಿದೋಳು ನಾನು.”

“ಕಿಟಕಿ ತೆಗೆದೋಳೂ ನೀನೇ” ಎಂದಳು ನಿಸರ್ಗಾ ಮುಖವಾಡದೊಳಗಿನಿಂದ. ತಾಯಿಗೆ ಅದು ಸಮಾಧಾನದ ಮಾತಾಗಿ ಕೇಳಲಿಲ್ಲ. ಮಗಳ ಹಣೆಗೆ ಕೈಯಿಟ್ಟು ನೋಡಿದಳು. ಜ್ವರವಿರಲಿಲ್ಲ. ಇನ್ನೊಂದು ಗಳಿಗೆಗೆ ಬರಬಹುದು, ನಾಳೆ ಬರಬಹುದು. ಗೂಡಿನೊಳಗಿನ ಮೌನ ಒಂದು ಕಡೆ, ಈ ಹಣೆ ಒಂದು ಕಡೆ. ಒಂದರಿಂದ ಇನ್ನೊಂದಕ್ಕೆ ನಡೆದಾಡುವುದಷ್ಟೇ ಅವಳಿಂದ ಆಗುತ್ತಿದ್ದದ್ದು. ದೇವರು ಕೆಲವನ್ನು ಕಾಣಿಸಿ ಹೆದರಿಸುತ್ತಾನೆ, ಕೆಲವನ್ನು ಕಾಣಿಸದೆ. ಎರಡರ ನಡುವೆ ನಿಂತವರಿಗೆ ಅವನ ಹೆಸರು ಹೇಳುವುದೊಂದೇ ಉಳಿಯುತ್ತದೆ. ಅವಳ ತುಟಿ ಅಲುಗುತ್ತಲೇ ಇತ್ತು.

ಹೊರಗೆ ಮಳೆ ನಿಂತಿರಬೇಕು. ನರ್ಸೊಬ್ಬಳು ಬಂದು ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದಳು.

ಪುಟ್ಟ ಕಾಲು ಸರಕ್ಕನೆ ಒಳಕ್ಕೆ ಹೋಯಿತು. ಮುಖ ಕಿವುಚಿಕೊಂಡಿತು. ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಸುಧನ್ವ ಮಂಚದ ಸರಳು ಹಿಡಿದುಕೊಂಡ. ಆಮೇಲೆ, ಎಲ್ಲಿತ್ತೋ ಆ ದನಿ, ಗೂಡು ಅದುರುವ ಹಾಗೆ ಕೂಸು ಕಿರುಚಿ ಅತ್ತಿತು. ಉಸಿರೆಳೆದು ಇನ್ನೊಮ್ಮೆ ಅತ್ತಿತು. ಮುಖವೆಲ್ಲ ಕೆಂಪಗೆ, ಎರಡೂ ಮುಷ್ಟಿ ಗಾಳಿಯನ್ನು ಗುದ್ದುತ್ತಿದ್ದವು.

ನರ್ಸು ನಗುತ್ತಾ, ಅದನ್ನು ಸುಮ್ಮನಾಗಿಸಲು ರಬ್ಬರಿನ ನಿಪ್ಪಲು ಹಿಡಿದು ಗೂಡಿನೊಳಗೆ ಕೈ ಹಾಕಹೋದಳು. ಮರಿತಾಯಮ್ಮ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು.

“ಬ್ಯಾಡ ತಾಯಿ. ಅಳ್ಲಿ ಬುಡಿ. ಯಾರೂ ಸುಮ್ನಿರ್ಸಬ್ಯಾಡಿ.”

ನರ್ಸಿಗೆ ಮಾತು ತಿಳಿಯಲಿಲ್ಲ. ಆದರೂ ಕೈ ಹಿಂದಕ್ಕೆ ತೆಗೆದುಕೊಂಡು, ಆ ಮುದುಕಿಯ ಪಕ್ಕದಲ್ಲಿ ನಿಂತು, ಕೂಸು ಅಳುವುದನ್ನು ತಾನೂ ಕೇಳತೊಡಗಿದಳು.